ಮೂರು ತಾಲ್ಲೂಕು, ಹಲವು ಹವೆ: ಪುತ್ತೂರು, ಕಡಬ, ಸುಳ್ಯದ ಮಳೆಯನ್ನು ತೋಟದಲ್ಲೇ ಅಳೆಯಬೇಕಾದ ಕಾಲ

2025ರ ಮೇ 24ರಂದು ನೈರುತ್ಯ ಮುಂಗಾರು ಕೇರಳವನ್ನು ಪ್ರವೇಶಿಸಿತೆಂದು ಭಾರತ ಹವಾಮಾನ ಇಲಾಖೆ ಘೋಷಿಸಿತು. ವಾಡಿಕೆಯ ದಿನಾಂಕವಾದ ಜೂನ್ 1ಕ್ಕಿಂತ ಇದು ಎಂಟು ದಿನ ಮುಂಚೆ. 2009ರ ನಂತರದಲ್ಲಿ ಅತಿ ಬೇಗನೆ ಬಂದ ಮುಂಗಾರು. ದಕ್ಷಿಣ ಕನ್ನಡದ ಅಡಿಕೆ ಬೆಳೆಗಾರರು ಆ ಹೊತ್ತಿಗೆ ಮೈಲುತುತ್ತು, ಸುಣ್ಣ ತಂದಿರಿಸಿಕೊಂಡು, ಮರ ಏರುವವರ ಸರದಿಗಾಗಿ ಕಾಯುತ್ತಿದ್ದರು. ಮೊದಲ ಸಿಂಪರಣೆಯನ್ನು ಮೇ ಕೊನೆಯ ವಾರಕ್ಕೋ ಜೂನ್ ಮೊದಲ ವಾರಕ್ಕೋ ನಿಗದಿಪಡಿಸಿಕೊಂಡಿದ್ದ ಅನೇಕ ತೋಟಗಳಲ್ಲಿ ಮದ್ದು ಬಿಡುವ ಮೊದಲೇ ಮಳೆ ಹಿಡಿದುಕೊಂಡಿತು. ಮುಂದೆ ಕೊಳೆರೋಗವು ತೀವ್ರವಾಗಿ ಕಾಣಿಸಿಕೊಂಡಾಗ, ತಪ್ಪಿದ್ದು ಎಲ್ಲಿ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ತಪ್ಪು ಮದ್ದಿನದಲ್ಲ, ಬೆಳೆಗಾರರ ಉದಾಸೀನವೂ ಅಲ್ಲ. ಪಂಚಾಂಗದ ದಿನಾಂಕವನ್ನೂ ಇಡೀ ಜಿಲ್ಲೆಗೆ ಅನ್ವಯಿಸುವ ಸರಾಸರಿ ಮಳೆಯನ್ನೂ ಆಧರಿಸಿ ತೋಟದ ತೀರ್ಮಾನಗಳನ್ನು ಕೈಗೊಳ್ಳುವ ಪದ್ಧತಿಯೇ ಇಂದಿನ ಹವಾಮಾನಕ್ಕೆ ಸಾಲದಾಗಿದೆ ಎಂಬುದು ಪ್ರಸ್ತುತ ಲೇಖನದ ವಾದ. ಪುತ್ತೂರು, ಕಡಬ ಮತ್ತು ಸುಳ್ಯ ತಾಲ್ಲೂಕುಗಳನ್ನು ನಾವು ಒಂದೇ ಉಸಿರಿನಲ್ಲಿ ಹೆಸರಿಸುತ್ತೇವೆ. ಆದರೆ ಇವುಗಳ ವಾಯುಗುಣ ಒಂದೇ ಅಲ್ಲ. ಸಿಂಪರಣೆ, ನೀರಾವರಿ ಮತ್ತು ಬೆಳೆ ವಿಮೆ ಈ ಮೂರೂ ಈಗ ಸ್ಥಳೀಯ ಮಳೆಯ ಅಳತೆಯನ್ನು ಅವಲಂಬಿಸಿರುವುದರಿಂದ, ಈ ವ್ಯತ್ಯಾಸವನ್ನು ಅಳೆದು ದಾಖಲಿಸುವ ಹೊಣೆ ತೋಟದವರೆಗೂ ಇಳಿದು ಬಂದಿದೆ.

ಮೂರು ವರ್ಷ, ಮೂರು ಬಗೆಯ ಮುಂಗಾರು

ಕಳೆದ ಮೂರು ಮುಂಗಾರುಗಳ ಆಗಮನವನ್ನು ಒಟ್ಟಿಗಿಟ್ಟು ನೋಡೋಣ. ಕೇರಳಕ್ಕೆ ಮುಂಗಾರು 2023ರಲ್ಲಿ ಜೂನ್ 8ರಂದು, 2024ರಲ್ಲಿ ಮೇ 30ರಂದು, 2025ರಲ್ಲಿ ಮೇ 24ರಂದು ತಲುಪಿತು. ಅತಿ ತಡವಾದ ವರ್ಷಕ್ಕೂ ಅತಿ ಬೇಗನೆ ಬಂದ ವರ್ಷಕ್ಕೂ ಹದಿನೈದು ದಿನಗಳ ಅಂತರವಿದೆ. ಮೊದಲ ಸಿಂಪರಣೆಯ ಪರಿಣಾಮಕ್ಕೆ ಈ ಹದಿನೈದು ದಿನಗಳೇ ನಿರ್ಣಾಯಕ.

ಆಗಮನದ ನಂತರದ ನಡೆಯೂ ಒಂದೇ ರೀತಿಯಾಗಿರಲಿಲ್ಲ. 2023ರ ಆಗಸ್ಟ್ ತಿಂಗಳು ಇಡೀ ದೇಶದ ಮಟ್ಟಿಗೆ 1901ರ ನಂತರದ ಅತ್ಯಂತ ಒಣ ಆಗಸ್ಟ್ ಎನಿಸಿತು; ದೇಶದ ಸರಾಸರಿ ಮಳೆಯಲ್ಲಿ ಸುಮಾರು ಶೇ. 36ರಷ್ಟು ಕೊರತೆಯಾಯಿತು. ಮರುವರ್ಷ, 2024ರ ಜುಲೈಯಲ್ಲಿ, ಎಡೆಬಿಡದ ಮಳೆಯಿಂದ ಶಿರಾಡಿ ಘಾಟಿಯಲ್ಲಿ ಭೂಕುಸಿತವಾಗಿ ಹೆದ್ದಾರಿ ಸಂಚಾರ ಸ್ಥಗಿತಗೊಂಡಿತು. ಆಟಿಯಲ್ಲಿ ಬಿರುಮಳೆ, ಸೋಣದಲ್ಲಿ ಬಿಸಿಲು ಮಳೆ ಎಂಬ ಹಿರಿಯರ ಲೆಕ್ಕಾಚಾರ ಪೂರ್ತಿ ಸುಳ್ಳಾಗಿಲ್ಲ. ಆದರೆ ಅದನ್ನು ನಂಬಿ ಕೆಲಸಗಾರರನ್ನು ಗೊತ್ತು ಮಾಡುವಷ್ಟು ಖಚಿತತೆ ಈಗ ಉಳಿದಿಲ್ಲ.

ಇದಕ್ಕಿಂತ ಮುಖ್ಯವಾದ ಸಂಗತಿ ಮಳೆ ಒಂದೆಡೆ ಕೇಂದ್ರೀಕೃತವಾಗಿ ಸುರಿಯುವುದು. 2022ರ ಆಗಸ್ಟ್ 1ರ ರಾತ್ರಿಯನ್ನು ಈ ಭಾಗದ ಜನ ಮರೆಯಲಾರರು. ಅಂದು ಘಟ್ಟದ ಬುಡದ ಸುಬ್ರಹ್ಮಣ್ಯ, ಹರಿಹರ ಪಲ್ಲತ್ತಡ್ಕ, ಕೊಲ್ಲಮೊಗ್ರು, ಕಲ್ಮಕಾರು ಪ್ರದೇಶದಲ್ಲಿ ಸುರಿದ ಮಳೆಯಿಂದ ಹೊಳೆಗಳು ಉಕ್ಕಿ ತೋಟಗಳು ಕೊಚ್ಚಿಹೋದವು. ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಬಾಲಕಿಯರು ಅಸುನೀಗಿದರು. ಇಂತಹ ಘಟನೆಯನ್ನು ಜಿಲ್ಲೆಯ ಸರಾಸರಿ ಅಂಕಿ ಎಂದಿಗೂ ತೋರಿಸದು. ಹತ್ತಾರು ಕೇಂದ್ರಗಳ ಅಂಕಿಗಳಲ್ಲಿ ನಾಲ್ಕಾರು ಗ್ರಾಮಗಳ ಮಳೆ ಕರಗಿಹೋಗುತ್ತದೆ.

ಘಟ್ಟದ ಕಡೆಗೆ ಹೋದಂತೆ ಬದಲಾಗುವ ಹವೆ

ಹವಾಮಾನ ಎಂದರೆ ಇಂದು, ನಾಳೆ ನಡೆಯುವುದು; ವಾಯುಗುಣ ಎಂದರೆ ಹಲವು ವರ್ಷಗಳ ಸರಾಸರಿ ನಡವಳಿಕೆ. ದಕ್ಷಿಣ ಕನ್ನಡದ ವಾರ್ಷಿಕ ಸರಾಸರಿ ಮಳೆ 4,000 ಮಿಲಿಮೀಟರಿನ ಆಸುಪಾಸಿನಲ್ಲಿದ್ದು, ಅದರ ಶೇ. 80ಕ್ಕೂ ಹೆಚ್ಚು ಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಅರಬ್ಬೀ ಸಮುದ್ರದ ತೇವಭರಿತ ಗಾಳಿ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ಮೇಲೇರಿದಂತೆ ತಣಿಯುತ್ತದೆ, ತಣಿದ ಗಾಳಿ ತನ್ನಲ್ಲಿದ್ದ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಮಳೆಯಾಗಿ ಸುರಿಸುತ್ತದೆ. ಘಟ್ಟ ದಾಟಿ ಹಾಸನ ಜಿಲ್ಲೆಯ ಬಯಲು ಭಾಗಕ್ಕೆ ಹೋದರೆ ವಾರ್ಷಿಕ ಮಳೆ 1,000 ಮಿಲಿಮೀಟರಿಗೂ ಕಡಿಮೆ. ನೂರು ಕಿಲೋಮೀಟರಿನ ಒಳಗೆ ಇಷ್ಟು ಬದಲಾವಣೆ ತರುವ ಈ ಪ್ರಕ್ರಿಯೆಯೇ ನಮ್ಮ ಮೂರು ತಾಲ್ಲೂಕುಗಳ ಒಳಗೂ ಸಣ್ಣ ಪ್ರಮಾಣದಲ್ಲಿ ನಡೆಯುತ್ತಿದೆ.

ಕೃಷಿ ದೃಷ್ಟಿಯಿಂದ ಈ ಪ್ರದೇಶವನ್ನು ಸ್ಥೂಲವಾಗಿ ಮೂರು ಪಟ್ಟಿಗಳಾಗಿ ಗುರುತಿಸಬಹುದು.

ಮೊದಲನೆಯದು ಪುತ್ತೂರು ಸುತ್ತಲಿನ ಮುರಕಲ್ಲಿನ ಗುಡ್ಡಗಳ ಪಟ್ಟಿ. ಸುಳ್ಯ ತಾಲ್ಲೂಕಿನ ಪಶ್ಚಿಮದ ಬೆಳ್ಳಾರೆ, ಜಾಲ್ಸೂರು ಕಡೆಯ ಊರುಗಳನ್ನೂ ಇದರೊಂದಿಗೆ ಸೇರಿಸಬಹುದು. ಇಲ್ಲಿ ಮಳೆ ಧಾರಾಳವಾಗಿದ್ದರೂ ಮುರ ಮಣ್ಣು ನೀರನ್ನು ಹೆಚ್ಚು ಕಾಲ ಹಿಡಿದಿಡದು. ಸಮುದ್ರದ ಗಾಳಿಯ ತಂಪು ಮಂಗಳೂರಿಗೆ ಸಿಕ್ಕಷ್ಟು ಇಲ್ಲಿಗೆ ಸಿಗದ ಕಾರಣ ಮಾರ್ಚ್–ಏಪ್ರಿಲ್‌ನ ಮಧ್ಯಾಹ್ನದ ತಾಪ ಹೆಚ್ಚು. ಕಾಸರಗೋಡು ಗಡಿಯ ಊರುಗಳಲ್ಲಿ ಗುಡ್ಡ ಕೊರೆದು ಸುರಂಗದ ನೀರಿನಿಂದ ತೋಟ ಮಾಡಿದ ಪರಂಪರೆಯೇ ಬೇಸಿಗೆಯ ನೀರಿನ ಕೊರತೆಗೆ ಸಾಕ್ಷಿ.

ಎರಡನೆಯದು ಕುಮಾರಧಾರಾ ನದಿಯ ಕಣಿವೆ. ಪುಷ್ಪಗಿರಿಯ ಕಡೆಯಿಂದ ಇಳಿದು, ಸುಬ್ರಹ್ಮಣ್ಯ ದಾಟಿ, ಕಡಬ ತಾಲ್ಲೂಕಿನ ಮೂಲಕ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ಈ ನದಿಯ ಇಕ್ಕೆಲಗಳಲ್ಲಿ ಮೆಕ್ಕಲು ಮಣ್ಣಿನ ತೋಟಗಳಿವೆ. ಇಲ್ಲಿ ಬೇಸಿಗೆಯ ನೀರಿಗಿಂತ ಮಳೆಗಾಲದ ಬಸಿಗಾಲುವೆಯೇ ದೊಡ್ಡ ಚಿಂತೆ. ತೋಟದಲ್ಲಿ ಮಳೆ ಇಲ್ಲದ ದಿನವೂ ಘಟ್ಟದಲ್ಲಿ ಸುರಿದ ಮಳೆಯ ನೀರು ಬುಡಕ್ಕೆ ಬಂದು ನಿಲ್ಲಬಹುದು.

ಮೂರನೆಯದು ಘಟ್ಟದ ಬುಡ. ಸುಳ್ಯದ ಕಲ್ಮಕಾರು, ಕೊಲ್ಲಮೊಗ್ರು, ಅರಂತೋಡು, ಸಂಪಾಜೆ; ಕಡಬದ ಸುಬ್ರಹ್ಮಣ್ಯ, ಕೊಂಬಾರು, ಸಿರಿಬಾಗಿಲು, ಶಿರಾಡಿ ಇಲ್ಲಿಗೆ ಸೇರುತ್ತವೆ. ಪೂರ್ವದಲ್ಲಿ ಬೆಟ್ಟಸಾಲು ನಿಂತಿರುವುದರಿಂದ ಬಿಸಿಲು ತಡವಾಗಿ ತೋಟಕ್ಕಿಳಿಯುತ್ತದೆ. ಮಳೆ ನಿಂತ ಮೇಲೂ ಮಂಜು, ಮರದ ಹನಿ, ಕಾಡಿನ ತೇವ ಸೇರಿ ಗೊನೆ ಮತ್ತು ಸೋಗೆ ಬಹಳ ಹೊತ್ತು ಒದ್ದೆಯಾಗಿಯೇ ಇರುತ್ತವೆ. ಪುತ್ತೂರಿನ ತೆರೆದ ಗುಡ್ಡದ ತೋಟದಲ್ಲಿ ಎರಡು ಗಂಟೆಯಲ್ಲಿ ಆರುವ ಗೊನೆ ಇಲ್ಲಿ ಸಂಜೆಯವರೆಗೂ ಆರದಿರಬಹುದು. ಮಳೆ ಸಮಾನವಾಗಿದ್ದರೂ ರೋಗಕ್ಕೆ ಸಿಗುವ ಅವಕಾಶ ಸಮಾನವಲ್ಲ.

ಈ ಪಟ್ಟಿಗಳ ಒಳಗೂ ಪ್ರತಿ ತೋಟದ ಹವೆ ಬೇರೆ. ತುಳುನಾಡಿನ ಹಿರಿಯರು ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ಈ ಅರಿವಿನಿಂದಲೇ. ತಗ್ಗಿನ ಬೈಲಿನಲ್ಲಿ ತೇವ ನಿಲ್ಲುತ್ತದೆ, ಎತ್ತರದ ಬೆಟ್ಟಿನಲ್ಲಿ ಬೇಗ ಆರುತ್ತದೆ, ಮಜಲು ಇವೆರಡರ ನಡುವಿನದು. ನೈರುತ್ಯ ದಿಕ್ಕಿಗೆ ತೆರೆದುಕೊಂಡ ಅಡಿಕೆ ಮರದ ಕಾಂಡ ಸಂಜೆಯ ಬಿಸಿಲಿಗೆ ಸುಟ್ಟು ಸೀಳುತ್ತದೆಂದು ತಿಳಿದು, ಆ ಬದಿಗೆ ಸೋಗೆ ಕಟ್ಟುವ ಅಥವಾ ನೆರಳಿನ ಗಿಡ ಬೆಳೆಸುವ ರೂಢಿ ಬೆಳೆದುಬಂದದ್ದೂ ಇದೇ ಅರಿವಿನಿಂದ. ಸೂಕ್ಷ್ಮ ಹವೆಯ ಜ್ಞಾನ ಈ ನೆಲಕ್ಕೆ ಹೊಸದಲ್ಲ. ಅದನ್ನು ಅಂಕಿಗಳಲ್ಲಿ ಬರೆದಿಡುವ ಅಭ್ಯಾಸ ಮಾತ್ರ ಹೊಸದಾಗಬೇಕಿದೆ.

ಬೋರ್ಡೋ ಎಂಬ ಹೆಸರಿನ ಹಿಂದಿನ ಪಾಠ

ನಾವು ಪ್ರತಿ ವರ್ಷ ಬಳಸುವ ಬೋರ್ಡೋ ದ್ರಾವಣಕ್ಕೆ ಆ ಹೆಸರು ಬಂದಿರುವುದು ಫ್ರಾನ್ಸ್ ದೇಶದ ನೈರುತ್ಯ ಭಾಗದ ಬೋರ್ಡೋ ನಗರದಿಂದ. ದ್ರಾಕ್ಷಿಯ ಬೂಜು ರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ ಪರಿಣಾಮಕಾರಿ ಎಂಬುದನ್ನು ಅಲ್ಲಿನ ವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ, ಅದೇ ದ್ರಾವಣವನ್ನು ನಮ್ಮ ತೋಟಗಳಿಗೆ ಶಿಫಾರಸು ಮಾಡಿದರು.

ದಕ್ಷಿಣ ಯುರೋಪನ್ನು ನಾವು ಬಿಸಿಲ ನಾಡೆಂದು ಭಾವಿಸುತ್ತೇವೆ. ಆದರೆ ಅಲ್ಲಿಯೂ ಪ್ರದೇಶಕ್ಕೊಂದು ಹವೆ. ಅಟ್ಲಾಂಟಿಕ್ ಸಾಗರದ ತೇವಗಾಳಿಗೆ ತೆರೆದ ಬೋರ್ಡೋದಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ, ಅದೇ ದೇಶದ ಮೆಡಿಟರೇನಿಯನ್ ಕರಾವಳಿಯ ಮಾರ್ಸೇಯಲ್ಲಿ ಸುಮಾರು 500 ಮಿ.ಮೀ., ಅದೂ ಬೇಸಿಗೆ ಬಹುಪಾಲು ಒಣ. ಹೀಗಾಗಿ ಒಂದೇ ಬೆಳೆಗೆ ಒಂದೆಡೆ ಬೇಕಾದಷ್ಟು ಸಿಂಪರಣೆ ಇನ್ನೊಂದೆಡೆ ಬೇಕಿಲ್ಲ. ಇಟಲಿಯ ದ್ರಾಕ್ಷಿ ಬೆಳೆಗಾರರಲ್ಲಿ ‘ಮೂರು ಹತ್ತುಗಳ ನಿಯಮ’ ಎಂಬ ಸರಳ ಸೂತ್ರವೊಂದು ದಶಕಗಳಿಂದ ರೂಢಿಯಲ್ಲಿದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ಚಿಗುರು 10 ಸೆಂಟಿಮೀಟರ್ ಬೆಳೆದು, ಒಂದೆರಡು ದಿನಗಳಲ್ಲಿ 10 ಮಿಲಿಮೀಟರ್ ಮಳೆಯಾದರೆ ಬೂಜು ರೋಗದ ಮೊದಲ ಸೋಂಕು ಸಾಧ್ಯ ಎಂಬುದೇ ಆ ಸೂತ್ರ. ಅದರಲ್ಲಿ ದಿನಾಂಕವಿಲ್ಲ. ಇರುವುದು ತೋಟದಲ್ಲಿ ಅಳೆಯಬಹುದಾದ ಮೂರು ಸಂಗತಿಗಳು ಮಾತ್ರ. ಆ ಅಂಕಿಗಳು ಅಡಿಕೆಗೆ ಅನ್ವಯಿಸುವುದಿಲ್ಲ. ಆದರೆ ದ್ರಾವಣವನ್ನು ಪಡೆದುಕೊಂಡ ನಾವು, ಅಳೆದು ಬಳಸುವ ಆ ಕ್ರಮವನ್ನು ಪೂರ್ತಿಯಾಗಿ ಪಡೆದುಕೊಂಡಿಲ್ಲ.

ಕೊಳೆರೋಗ ನೋಡುವುದು ತೇವವನ್ನು

ಕೊಳೆರೋಗ ಅಥವಾ ಮಹಾಳಿಗೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರಸದೃಶ ಜೀವಿ. ಎಡೆಬಿಡದ ಮಳೆ, 20ರಿಂದ 23 ಡಿಗ್ರಿಯ ತಂಪು, ಶೇ. 90ಕ್ಕೂ ಮಿಕ್ಕಿದ ಗಾಳಿಯ ತೇವಾಂಶ, ನಡುನಡುವೆ ಬಿಸಿಲು ಮಳೆಯ ಆಟ ಇವು ಅದರ ಹರಡುವಿಕೆಗೆ ಅನುಕೂಲಕರ. ಅದರ ಬೀಜಾಣುಗಳು ನೀರಿನ ಪದರದಲ್ಲಿ ಚಲಿಸಿ ಎಳೆಕಾಯಿಯನ್ನು ತಲುಪುತ್ತವೆ. ಆದ್ದರಿಂದ ಒಂದೇ ದಿನ 100 ಮಿ.ಮೀ. ಸುರಿದು ನಾಲ್ಕು ದಿನ ಬಿಸಿಲಾಗುವುದಕ್ಕಿಂತ, ಐದು ದಿನ ತಲಾ 20 ಮಿ.ಮೀ. ಜಿನುಗುತ್ತ ಗೊನೆ ಆರದಿರುವುದು ಹೆಚ್ಚು ಅಪಾಯಕಾರಿ. ಒಟ್ಟು ಮಳೆ ಎರಡೂ ಕಡೆ ಸಮನೇ, ರೋಗ ಸಮನಲ್ಲ.

ಶೇ. 1ರ ಬೋರ್ಡೋ ದ್ರಾವಣ (100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ) ರೋಗ ಬರುವ ಮುನ್ನ ಕಾಯಿಯ ಮೇಲೆ ಕವಚವಾಗಿ ನಿಲ್ಲುವ ಮದ್ದು. ಸೋಂಕು ಹೊಕ್ಕ ಮೇಲೆ ಗುಣಪಡಿಸುವ ಮದ್ದಲ್ಲ. ಮುಂಗಾರಿಗೆ ಮೊದಲು ಒಂದು, 40–45 ದಿನಗಳ ನಂತರ ಇನ್ನೊಂದು, ಮಳೆ ಮುಂದುವರಿದರೆ ಮೂರನೆಯದು ಎಂಬುದು ಸ್ಥಾಪಿತ ಶಿಫಾರಸು. ಈ ಅಂತರವನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ಕಣ್ಣುಮುಚ್ಚಿ ಎಣಿಸಬಾರದು ಎಂದಷ್ಟೇ ಹೇಳುತ್ತಿದ್ದೇನೆ. ಕವಚ ಮಳೆಗೆ ತೊಳೆದುಹೋಗುತ್ತದೆ, ಕಾಯಿ ಬೆಳೆದಂತೆ ಕವಚವಿಲ್ಲದ ಹೊಸ ಸಿಪ್ಪೆ ತೆರೆದುಕೊಳ್ಳುತ್ತದೆ. ಘಟ್ಟದ ಬುಡದ ತೋಟದಲ್ಲಿ 40 ದಿನಗಳಲ್ಲಿ ತೊಳೆದು ಹೋಗುವ ಮಳೆಯೂ ಪುತ್ತೂರಿನ ಬೆಟ್ಟಿನ ತೋಟದಲ್ಲಿ ತೊಳೆದು ಹೋಗುವ ಮಳೆಯೂ ಒಂದೇ ಆಗಿರಲಾರದು. ಮೊದಲ ತೋಟದಲ್ಲಿ 45ನೆಯ ದಿನವೆಂದರೆ ತಡವಾಗಬಹುದು. ಎರಡನೆಯದರಲ್ಲಿ ಮೂರನೆಯ ಸಿಂಪರಣೆಯೇ ಅನಗತ್ಯವಾಗಬಹುದು.

ಅನಗತ್ಯ ಸಿಂಪರಣೆಗೆ ಕೂಲಿಯ ಖರ್ಚು ಮಾತ್ರವಲ್ಲ, ಮಣ್ಣಿನ ಬೆಲೆಯೂ ಇದೆ. ಮೈಲುತುತ್ತಿನ ಕಾಲು ಭಾಗ ತಾಮ್ರ. ಉದಾಹರಣೆಗೆ, ಎಕರೆಗೆ 400 ಲೀಟರ್ ದ್ರಾವಣ ಬಳಸಿದರೆ ಒಂದು ಸಿಂಪರಣೆಗೆ 4 ಕಿಲೋ ಮೈಲುತುತ್ತು, ಅಂದರೆ ಸುಮಾರು 1 ಕಿಲೋ ತಾಮ್ರ. ಮೂರು ಸಿಂಪರಣೆಗೆ ಹೆಕ್ಟೇರ್ ಲೆಕ್ಕದಲ್ಲಿ ಸುಮಾರು 7.5 ಕಿಲೋ. ತಾಮ್ರವು ಕೊಳೆತು ಹೋಗುವ ವಸ್ತುವಲ್ಲ. ಮಣ್ಣಿನಲ್ಲಿ ಸೇರುತ್ತಲೇ ಹೋಗುತ್ತದೆ. ಐರೋಪ್ಯ ಒಕ್ಕೂಟವು 2019ರಿಂದ ಹೆಕ್ಟೇರಿಗೆ ಏಳು ವರ್ಷಗಳಲ್ಲಿ ಒಟ್ಟು 28 ಕಿಲೋ, ಅಂದರೆ ವರ್ಷಕ್ಕೆ ಸರಾಸರಿ 4 ಕಿಲೋ ತಾಮ್ರದ ಮಿತಿ ವಿಧಿಸಿರುವುದು ಈ ಕಾರಣಕ್ಕೆ. ನಮ್ಮ ಮಳೆಗೆ ಆ ಮಿತಿ ಒಗ್ಗದಿರಬಹುದು. ಆದರೂ ಬೇಡದ ಸಿಂಪರಣೆಯನ್ನು ತಪ್ಪಿಸುವುದು ಮುಂದಿನ ತಲೆಮಾರಿನ ತೋಟಕ್ಕೆ ಮಾಡುವ ಉಪಕಾರ.

ಇದೇ ತರ್ಕ ಇತರ ಸಮಸ್ಯೆಗಳಿಗೂ ಹೊಂದುತ್ತದೆ. ಕಲ್ಮಕಾರು, ಕೊಲ್ಲಮೊಗ್ರು ಭಾಗದಲ್ಲಿ ಆತಂಕ ಹುಟ್ಟಿಸಿರುವ ಎಲೆಚುಕ್ಕಿ ರೋಗವು ಶಿಲೀಂಧ್ರದಿಂದ ಬರುವಂಥದ್ದಾಗಿದ್ದು, ದೀರ್ಘಕಾಲ ಒದ್ದೆಯಾಗಿರುವ ಸೋಗೆಗಳಲ್ಲಿ ಸುಲಭವಾಗಿ ಹರಡುತ್ತದೆ. ಸಂಪಾಜೆ, ಅರಂತೋಡು ಕಡೆ ಹಲವು ದಶಕಗಳಿಂದ ಇರುವ ಹಳದಿ ಎಲೆ ರೋಗವಾದರೋ ಫೈಟೊಪ್ಲಾಸ್ಮಾದಿಂದ ಉಂಟಾಗಿ ಕೀಟದ ಮೂಲಕ ಹರಡುವಂಥದ್ದು. ಅದಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿ ಪ್ರಯೋಜನವಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ಹಣ ಕಳೆದುಕೊಳ್ಳಬಾರದು. ಕಾಳುಮೆಣಸಿಗೆ ಚಿಗುರು ಮತ್ತು ಕರೆ ಬಿಡಲು ಸುಮಾರು 20 ದಿನಗಳಲ್ಲಿ 70 ಮಿ.ಮೀ.ನಷ್ಟು ಮಳೆ ಬೇಕು. ಒಮ್ಮೆ ಕರೆ ಬಿಡಲಾರಂಭಿಸಿದ ಮೇಲೆ ದೀರ್ಘ ಬಿಸಿಲು ಬಂದರೆ ಕಾಳು ಕಟ್ಟುವುದು ಕಡಿಮೆಯಾಗುತ್ತದೆ. ಯಾವ ದಿನಕ್ಕೆ 70 ಮಿ.ಮೀ. ತುಂಬಿತು ಎಂಬುದು ತಿಳಿದಿದ್ದರೆ ಮುಂದಿನ ಒಣ ವಾರದಲ್ಲಿ ನೀರು ಕೊಡಬೇಕೇ ಎಂಬ ನಿರ್ಧಾರ ಸುಲಭವಾಗುತ್ತದೆ.

ಮುನ್ಸೂಚನೆಯ ಬಲ ಮತ್ತು ಮಿತಿ

ಮುನ್ಸೂಚನೆಯ ಕ್ಷೇತ್ರದಲ್ಲಿ ಈಚೆಗೆ ಎರಡು ವಿರುದ್ಧ ದಿಕ್ಕಿನ ಬೆಳವಣಿಗೆಗಳಾಗಿವೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಸ್ಥಾಪಿತವಾಗಿ ತಾಲ್ಲೂಕು ಮಟ್ಟದ ಸಲಹೆ ನೀಡುತ್ತಿದ್ದ ಜಿಲ್ಲಾ ಕೃಷಿ ಹವಾಮಾನ ಘಟಕಗಳನ್ನು, ದೇಶದಾದ್ಯಂತ ಒಟ್ಟು 199ನ್ನು, 2024ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಇನ್ನೊಂದೆಡೆ, 2024ರ ಅಕ್ಟೋಬರ್‌ನಲ್ಲಿ ಗ್ರಾಮ ಪಂಚಾಯತ್ ಮಟ್ಟದ ಮುನ್ಸೂಚನೆಗೆ ಚಾಲನೆ ನೀಡಲಾಯಿತು. 2025ರ ಮೇ ತಿಂಗಳಲ್ಲಿ 6 ಕಿಲೋಮೀಟರ್ ಸೂಕ್ಷ್ಮತೆಯ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಕಾರ್ಯಾರಂಭ ಮಾಡಿತು. ಈ ಹಿಂದಿನ ಮಾದರಿಯ ಸೂಕ್ಷ್ಮತೆ 12 ಕಿಲೋಮೀಟರ್ ಇತ್ತು. ಯಂತ್ರದ ಕಣ್ಣು ಚುರುಕಾಗಿದೆ. ಅದು ಕಂಡದ್ದನ್ನು ಬೆಳೆಗೆ ಹೊಂದಿಸಿ ವಿವರಿಸುವ ಮನುಷ್ಯರ ಸಂಖ್ಯೆ ಕಡಿಮೆಯಾಗಿದೆ.

6 ಕಿಲೋಮೀಟರ್ ಎಂದರೆ ಏನು? ಲೆಕ್ಕಾಚಾರದ ಒಂದು ಚೌಕ 36 ಚದರ ಕಿಲೋಮೀಟರ್. ಹಿಂದಿನ 144 ಚದರ ಕಿಲೋಮೀಟರಿಗೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ. ಆದರೂ ಘಟ್ಟದ ಬುಡದಲ್ಲಿ ಅಂತಹ ಒಂದೇ ಚೌಕದೊಳಗೆ ಹೊಳೆಬದಿಯ ಬೈಲೂ ನೂರಾರು ಮೀಟರ್ ಎತ್ತರದ ಬೆಟ್ಟವೂ ಇರಬಲ್ಲವು. ಮಾದರಿ ಅವೆರಡಕ್ಕೂ ಒಂದೇ ಅಂಕಿ ಹೇಳುತ್ತದೆ. ಹಾಗಾಗಿ ಮುನ್ಸೂಚನೆಯನ್ನು ‘ಮುಂದಿನ ಐದು ದಿನಗಳಲ್ಲಿ ಮಳೆಯ ಒಲವು ಏರುತ್ತಿದೆಯೇ, ಇಳಿಯುತ್ತಿದೆಯೇ’ ಎಂಬುದನ್ನು ಅರಿಯಲು ಬಳಸಬೇಕು. ‘ನನ್ನ ತೋಟದಲ್ಲಿ ಎಷ್ಟು ಬಿತ್ತು’ ಎಂಬುದಕ್ಕೆ ತೋಟದ ಮಾಪಕವನ್ನೇ ನಂಬಬೇಕು. ಎಚ್ಚರಿಕೆಯ ಪದಗಳಿಗೂ ನಿರ್ದಿಷ್ಟ ಅರ್ಥವಿದೆ: 24 ಗಂಟೆಗಳಲ್ಲಿ 64.5 ಮಿ.ಮೀ. ಮೀರಿದರೆ ಭಾರಿ ಮಳೆ, 115.6ರಿಂದ 204.4 ಮಿ.ಮೀ. ಅತಿ ಭಾರಿ, ಅದಕ್ಕೂ ಮಿಕ್ಕಿದರೆ ಅತ್ಯಧಿಕ ಭಾರಿ ಮಳೆ.

ವಿಮೆ ನೋಡುವುದು ಮಾಪಕವನ್ನು

ಸ್ಥಳೀಯ ಅಳತೆಯ ಪ್ರಶ್ನೆ ನೇರವಾಗಿ ಹಣದ ಪ್ರಶ್ನೆಯಾಗುವುದು ಬೆಳೆ ವಿಮೆಯಲ್ಲಿ. 2016ರಿಂದ ಜಾರಿಯಲ್ಲಿರುವ ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮಾ ಯೋಜನೆಯಡಿ ಜಿಲ್ಲೆಯ ಅಡಿಕೆ ಮತ್ತು ಕಾಳುಮೆಣಸು ಬರುತ್ತವೆ. ಈಚಿನ ವರ್ಷಗಳ ಅಧಿಸೂಚನೆಯಂತೆ ಅಡಿಕೆಗೆ ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ. ಬೆಳೆಗಾರನ ಪಾಲಿನ ಕಂತು ಅದರ ಶೇ. 5, ಅಂದರೆ 6,400 ರೂಪಾಯಿ. ಕಾಳುಮೆಣಸಿಗೆ ವಿಮಾ ಮೊತ್ತ 47,000 ರೂಪಾಯಿ, ಕಂತು 2,350 ರೂಪಾಯಿ. ಕಂತಿನ ಉಳಿದ ಭಾಗವನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಭರಿಸುತ್ತವೆ.

ಈ ಯೋಜನೆಯ ಸ್ವರೂಪವನ್ನು ಅನೇಕ ಬೆಳೆಗಾರರು ಇನ್ನೂ ಸರಿಯಾಗಿ ಗ್ರಹಿಸಿಲ್ಲ. ಇಲ್ಲಿ ಪರಿಹಾರ ನಿರ್ಧಾರವಾಗುವುದು ಉದುರಿದ ಅಡಿಕೆಯನ್ನು ಎಣಿಸಿ ಅಲ್ಲ. ಗ್ರಾಮ ಪಂಚಾಯತ್‌ಗೆ ನಿಗದಿಯಾದ ಮಾಪನ ಕೇಂದ್ರದಲ್ಲಿ ದಾಖಲಾದ ಮಳೆ ಮತ್ತು ಉಷ್ಣತೆಯನ್ನು, ಟರ್ಮ್‌ಶೀಟ್‌ನಲ್ಲಿ ನಮೂದಿಸಿದ ಮಿತಿಗಳಿಗೆ ಹೋಲಿಸಿ ಮೊತ್ತ ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ತೋಟ ಪೂರ್ತಿ ಕೊಳೆತರೂ ಮಾಪಕದ ಅಂಕಿ ಮಿತಿಯನ್ನು ದಾಟದಿದ್ದರೆ ಪರಿಹಾರವಿಲ್ಲ. ನಷ್ಟವಾಗದಿದ್ದರೂ ಅಂಕಿ ಮಿತಿ ದಾಟಿದರೆ ಪರಿಹಾರ ಬರಬಹುದು. ಟರ್ಮ್‌ಶೀಟ್‌ನ ಅವಧಿಯ ಹೊರಗೆ ಬಿದ್ದ ಮಳೆ ಎಷ್ಟೇ ಇದ್ದರೂ ಲೆಕ್ಕಕ್ಕೆ ಬಾರದು. ಮುಂಗಾರು ಮೇ ತಿಂಗಳಿಗೇ ಜಾರುವ ವರ್ಷಗಳಲ್ಲಿ ಅವಧಿಯ ಆರಂಭದ ದಿನಾಂಕವನ್ನು ಓದಿಕೊಳ್ಳುವುದು ಅತಿ ಮುಖ್ಯ.

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತ್ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿರುವುದು ದೇಶಕ್ಕೇ ಮಾದರಿಯಾದ ಕೆಲಸ; ಇವು 15 ನಿಮಿಷಕ್ಕೊಮ್ಮೆ ಮಾಹಿತಿ ರವಾನಿಸುತ್ತವೆ. ಕೇಂದ್ರ ಸರ್ಕಾರವು 2023ರಲ್ಲಿ ಆರಂಭಿಸಿದ ‘ವಿಂಡ್ಸ್’ ಎಂಬ ಜಾಲವೂ ಪಂಚಾಯತ್‌ಗೊಂದು ಮಳೆಮಾಪಕ, ತಾಲ್ಲೂಕು ಮಟ್ಟದಲ್ಲಿ ಹವಾಮಾನ ಕೇಂದ್ರ ಎಂಬ ಗುರಿಯನ್ನೇ ಹೊಂದಿದೆ. ಆದರೆ ಯಂತ್ರಕ್ಕೆ ನಿರ್ವಹಣೆ ಬೇಕು. ತರಗೆಲೆ, ಜೇಡರ ಬಲೆ, ಹಕ್ಕಿಯ ಹಿಕ್ಕೆ ಇವು ಆಲಿಕೆಯ ಬಾಯಿ ಕಟ್ಟಿದರೆ ಮಳೆ ಸುರಿದರೂ ಅಂಕಿ ಏರದು. ಪುಟ್ಟ ತೊಟ್ಟಿ ತುಂಬಿ ಮಗುಚುವುದನ್ನು ಎಣಿಸುವ ಈ ಬಗೆಯ ಮಾಪಕಗಳು ಬಿರುಮಳೆಯಲ್ಲಿ ನಿಜಕ್ಕಿಂತ ಕಡಿಮೆ ತೋರಿಸುವುದು ತಾಂತ್ರಿಕವಾಗಿ ತಿಳಿದ ಸಂಗತಿ. ಒಂದು ಕೇಂದ್ರ ಕೆಟ್ಟರೆ ಬದಲಿ ಕೇಂದ್ರದ ಅಂಕಿಯನ್ನು ಬಳಸಲಾಗುತ್ತದೆ. ಬಯಲು ಸೀಮೆಯಲ್ಲಿ ಇದರಿಂದ ಹೆಚ್ಚು ವ್ಯತ್ಯಾಸವಾಗದು. ಘಟ್ಟದ ಬುಡದಲ್ಲಿ ಹತ್ತು ಕಿಲೋಮೀಟರ್ ದೂರದ ಕೇಂದ್ರವೆಂದರೆ ಬೇರೆಯದೇ ಹವೆ. ಇತ್ತೀಚಿನ ಸಾಲುಗಳಲ್ಲಿ ಅಕ್ಕಪಕ್ಕದ ಪಂಚಾಯತ್‌ಗಳ ನಡುವೆ ಪರಿಹಾರದ ಮೊತ್ತದಲ್ಲಿ ದೊಡ್ಡ ಅಂತರ ಕಂಡು ಬೆಳೆಗಾರರು ಪ್ರಶ್ನೆ ಎತ್ತಿದ್ದಾರೆ. ಆ ಅಂತರದಲ್ಲಿ ಎಷ್ಟು ಭಾಗ ನಿಜವಾದ ಹವೆಯ ವ್ಯತ್ಯಾಸ, ಎಷ್ಟು ಭಾಗ ಮಾಪಕದ ದೋಷ ಎಂದು ತೀರ್ಮಾನಿಸಲು ಹೋಲಿಕೆಗೆ ಬೇರೊಂದು ಸ್ವತಂತ್ರ ದಾಖಲೆ ಬೇಕು. ಆ ದಾಖಲೆ ಬೆಳೆಗಾರರ ಬಳಿಯೇ ಇರಬೇಕು.

ತೋಟದ ಮಳೆಮಾಪಕ: ಹೇಗೆ, ಎಲ್ಲಿ

ಸುಳ್ಯ ತಾಲ್ಲೂಕಿನಲ್ಲಿ ದಶಕಗಳಿಂದ ಪ್ರತಿದಿನ ಮಳೆ ಅಳೆದು ಬರೆದಿಡುವ ಕೃಷಿಕರಿದ್ದಾರೆ. ಯಾವ ಸಂಬಳವೂ ಇಲ್ಲದೆ ಅವರು ಮಾಡಿರುವ ಈ ಕೆಲಸ ವಿಜ್ಞಾನಕ್ಕೂ ಉಪಯುಕ್ತ. ಅದನ್ನು ಪ್ರತಿ ಊರಿಗೂ ವಿಸ್ತರಿಸಲು ದೊಡ್ಡ ಬಂಡವಾಳ ಬೇಕಿಲ್ಲ.

1. ಬಾಯಿ 10 ಸೆಂ.ಮೀ. ವ್ಯಾಸವಿರುವ ಆಲಿಕೆಯನ್ನು ಎರಡು ಲೀಟರಿನ ಬಾಟಲಿಗೆ ಬಿಗಿಯಾಗಿ ಕೂರಿಸಿ. ಸಂಗ್ರಹವಾದ ನೀರನ್ನು ಅಳತೆ ಲೋಟದಲ್ಲಿ ಮಿಲಿಲೀಟರ್‌ಗಳಲ್ಲಿ ಅಳೆದು 7.85ರಿಂದ ಭಾಗಿಸಿದರೆ ಮಳೆ ಮಿಲಿಮೀಟರ್‌ಗಳಲ್ಲಿ ಸಿಗುತ್ತದೆ. ಎರಡು ಲೀಟರಿನ ಬಾಟಲಿ ಸುಮಾರು 250 ಮಿ.ಮೀ. ಮಳೆಯವರೆಗೆ ಸಾಲುತ್ತದೆ. ಮಾರುಕಟ್ಟೆಯ ಗುರುತು ಹಾಕಿದ ಮಾಪಕವನ್ನೂ ಬಳಸಬಹುದು.

2. ಮಾಪಕದ ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಎತ್ತರದಲ್ಲಿ ಸಮತಟ್ಟಾಗಿರಲಿ. ಮರ ಅಥವಾ ಮನೆಯ ಎತ್ತರದ ಕನಿಷ್ಠ ಎರಡು ಪಟ್ಟು ದೂರದಲ್ಲಿಡಿ. 15 ಮೀಟರ್ ಎತ್ತರದ ಅಡಿಕೆ ಮರದಿಂದ 30 ಮೀಟರ್ ದೂರ. ತೋಟದ ನಡುವೆ ಅಂತಹ ಜಾಗ ಸಿಗದು. ಅಡಿಕೆ ಒಣಗಿಸುವ ಅಂಗಳದ ನಡುಭಾಗ ಸೂಕ್ತ.

3. ದಿನವೂ ಬೆಳಿಗ್ಗೆ 8.30ಕ್ಕೆ ಓದಿ, ಖಾಲಿ ಮಾಡಿ, ಬರೆದಿಡಿ. ಹವಾಮಾನ ಇಲಾಖೆಯ ಮಳೆದಿನವೂ ಇದೇ ಹೊತ್ತಿಗೆ ಮುಗಿಯುವುದರಿಂದ ಹೋಲಿಕೆ ಸುಲಭ. ಮಳೆ ಇಲ್ಲದ ದಿನ ‘0’ ಎಂದು ಬರೆಯಿರಿ. ಜಾಗ ಖಾಲಿ ಬಿಟ್ಟರೆ ಮಳೆ ಇಲ್ಲವೋ, ಓದಿಲ್ಲವೋ ತಿಳಿಯದು.

4. ಪಕ್ಕದ ಕಾಲಂನಲ್ಲಿ ಗೊನೆ ಎಷ್ಟು ಹೊತ್ತಿಗೆ ಆರಿತು, ಸಿಂಪರಣೆಯ ದಿನ, ಮೊದಲು ಕೊಳೆ ಕಂಡ ದಿನ, ನಳ್ಳಿ ಉದುರಿದ್ದು ಇವನ್ನು ಬರೆಯಿರಿ.

5. ಪ್ರತಿ ಸಿಂಪರಣೆಯ ನಂತರ ಮಳೆಯನ್ನು ಸೊನ್ನೆಯಿಂದ ಕೂಡಿಸುತ್ತ ಬನ್ನಿ. ಎಷ್ಟು ಮಿ.ಮೀ. ಮತ್ತು ಎಷ್ಟು ಆರದ ದಿನಗಳ ನಂತರ ರೋಗ ಕಂಡಿತು ಎಂಬುದು ಎರಡು ಮೂರು ವರ್ಷಗಳಲ್ಲಿ ಸ್ಪಷ್ಟವಾಗುತ್ತದೆ. ಎಲ್ಲ ತೋಟಗಳಿಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲ. ಪ್ರತಿ ತೋಟಕ್ಕೆ ಅದರದೇ ಸಂಖ್ಯೆ ಇದೆ.

6. ಬೇಸಿಗೆ ಮಳೆಯಲ್ಲಿ ನೀರಾವರಿಯ ಲೆಕ್ಕಕ್ಕೂ ಇದೇ ಪುಸ್ತಕ ಸಾಕು. 1 ಮಿ.ಮೀ. ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಹನಿ ನೀರಾವರಿಯಲ್ಲಿ ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕಾಗುವುದರಿಂದ, ಒಳ್ಳೆಯ ಒಂದು ಮಳೆಯ ನಂತರ ಎಷ್ಟು ದಿನ ಪಂಪು ನಿಲ್ಲಿಸಬಹುದೆಂದು ತೀರ್ಮಾನಿಸಬಹುದು.

ವಿಸ್ತರಣಾ ಕಾರ್ಯಕರ್ತರಿಗೆ

ಪ್ರತಿ ಗ್ರಾಮ ಪಂಚಾಯತ್‌ನಲ್ಲಿ ಬೈಲು, ಮಜಲು, ಬೆಟ್ಟು ಈ ಮೂರೂ ಬಗೆಯ ತೋಟಗಳಿಂದ ಕನಿಷ್ಠ ಒಬ್ಬೊಬ್ಬ ಕೃಷಿಕರನ್ನು ಗುರುತಿಸಿ ದೈನಂದಿನ ಓದನ್ನು ಒಂದೆಡೆ ಸಂಗ್ರಹಿಸುವುದು ಈ ವರ್ಷದ ಕಾರ್ಯಕ್ರಮವಾಗಲಿ. ಮುಂಗಾರಿಗೆ ಮೊದಲು ಪಂಚಾಯತ್‌ನ ಸ್ವಯಂಚಾಲಿತ ಮಾಪಕದ ಬಳಿಗೆ ಹೋಗಿ, ಸುತ್ತ ಮರ ಬೆಳೆದಿದೆಯೇ, ಆಲಿಕೆ ಸ್ವಚ್ಛವಿದೆಯೇ ಎಂದು ನೋಡಿ, ದೋಷ ಕಂಡರೆ ಬರವಣಿಗೆಯಲ್ಲಿ ವರದಿ ಮಾಡಿ ಪ್ರತಿ ಇಟ್ಟುಕೊಳ್ಳಬೇಕು. ಕೃಷಿಕರ ಓದಿಗೂ ಅಧಿಕೃತ ಓದಿಗೂ ಸತತವಾಗಿ ದೊಡ್ಡ ಅಂತರ ಕಂಡರೆ ಮಳೆಗಾಲ ನಡೆಯುತ್ತಿರುವಾಗಲೇ ಪ್ರಶ್ನಿಸಬೇಕು. ಪರಿಹಾರದ ಮೊತ್ತ ಖಾತೆಗೆ ಬಂದ ಮೇಲೆ ಎತ್ತುವ ದೂರಿಗಿಂತ ಜುಲೈಯಲ್ಲಿ ಕೊಟ್ಟ ಒಂದು ಪತ್ರಕ್ಕೆ ಬೆಲೆ ಹೆಚ್ಚು. ಕೃಷಿಕರ ಪುಸ್ತಕ ವಿಮೆಗೆ ಅಧಿಕೃತ ದಾಖಲೆಯಾಗದು ಎಂಬುದನ್ನೂ ಸ್ಪಷ್ಟವಾಗಿ ತಿಳಿಸಬೇಕು. ಅದು ಅಧಿಕೃತ ಮಾಪಕವನ್ನು ಸರಿಪಡಿಸಲು ಆಧಾರ ಮಾತ್ರ. ವಿಮೆಗೆ ನೋಂದಾಯಿಸುವಾಗ ಬೆಳೆ ಸಮೀಕ್ಷೆಯ ವಿವರ ಪಹಣಿಗೆ ತಾಳೆಯಾಗುತ್ತಿದೆಯೇ ಎಂಬುದನ್ನೂ, ಟರ್ಮ್‌ಶೀಟ್‌ನ ಮಿತಿ ಮತ್ತು ಅವಧಿಯನ್ನೂ ಕನ್ನಡದಲ್ಲಿ ಓದಿ ವಿವರಿಸುವುದು ನಮ್ಮೆಲ್ಲರ ಕರ್ತವ್ಯ.

ಮುಂಬರುವ ಮುಂಗಾರು ಮೇ ತಿಂಗಳಲ್ಲೇ ಬರುವುದೋ ಜೂನ್ ಎರಡನೆಯ ವಾರಕ್ಕೆ ಹೋಗುವುದೋ ಈಗಲೇ ಹೇಳಲಾಗದು. ಎರಡಕ್ಕೂ ಸಿದ್ಧರಾಗಲು ಮೇ ಮೊದಲ ವಾರದೊಳಗೆ ಮೈಲುತುತ್ತು, ಸುಣ್ಣ, ಪಂಪು, ದೋಟಿ, ಕೆಲಸಗಾರರು ಎಲ್ಲವೂ ಗೊತ್ತಾಗಿರಲಿ, ಬಸಿಗಾಲುವೆ ತೆರೆದಿರಲಿ. ಮೊದಲ ಸಿಂಪರಣೆಯ ದಿನವನ್ನು ಕ್ಯಾಲೆಂಡರಿನ ಬದಲು ಮುಂಗಾರು ಆಗಮನದ ಮುನ್ಸೂಚನೆಗೆ ಹೊಂದಿಸಿ, ಎರಡನೆಯದನ್ನೂ ಮೂರನೆಯದನ್ನೂ ಅಂಗಳದ ಮಾಪಕ ನೋಡಿ ನಿರ್ಧರಿಸಿ. ಮಳೆಯ ಪುಸ್ತಕದ ಮೊದಲ ಪುಟದಲ್ಲಿ ನಾಳೆ ಬೆಳಿಗ್ಗೆ 8.30ರ ಓದನ್ನು, ಅದು ಸೊನ್ನೆಯೇ ಆಗಿರಲಿ, ಬರೆದು ಆರಂಭಿಸಿ.